ಪೆನ್ಸಿಲ್ ಹಾಜರಿ

ಅವತ್ತು ಹೆಡ್ಮಾಸ್ತರ ಕೋಣೆಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಹಾವೇರಿಯಿಂದ ತಪಾಸಣೆಗೆ ಬಂದ ಸಾಹೇಬರು ಹೆಡ್ಮಾಸ್ತರ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿ ಬಿಟ್ಟುಕೊಟ್ಟ ಹೆಡ್ಮಾಸ್ತರು ಸ್ಟೂಲಿನ ಮೇಲೆ, ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು, ತಾವೇ ಪರೀಕ್ಷೆಗೆ ಬಂದವರ ಹಾಗೆ ಕೂತಿದ್ದರು. ಗಣಿತದ ಮಾಸ್ತರು ಬಾಗಿಲಿಗೆ ಆನಿಕೊಂಡಿದ್ದರು. ನಾನು ಕನ್ನಡ ಕಲಿಸುವಾಕಿ, ಹತ್ತನೇ ತರಗತಿಯ ಕ್ಲಾಸ್ ಟೀಚರು. ಹಾಜರಿ ಪುಸ್ತಕ ಎದೆಗವಚಿಕೊಂಡು ಕಪಾಟಿನ ಪಕ್ಕ ನಿಂತಿದ್ದೆ.

ಡಿಸೆಂಬರದ ಮೊದಲ ವಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಜನ್ ಸುರುವಾಗಿತ್ತು. ಪೇಟೆಯ ಯಾರ್ಡಿನ ಕಡೆಯಿಂದ ಗಾಳಿ ಬೀಸಿದಾಗೊಮ್ಮೆ ಸಾಹೇಬರು ಸೀನುತ್ತಿದ್ದರು. ನಾವು ಮೂವರೂ ಸೀನುತ್ತಿರಲಿಲ್ಲ. ನಮ್ಮ ಮೂಗುಗಳು ಎಂದೋ ಸತ್ತುಹೋಗಿದ್ದವು.

ಸಾಹೇಬರು ಹಿಂದಿನ ವರ್ಷದ ಫಲಿತಾಂಶದ ಹಾಳೆ ನೋಡಿದರು. ಸಣ್ಣ ಸಾಲಿಯ ಹಣೆಬರಹ ಅದು. ದೊಡ್ಡ ಸಾಲಿಯಲ್ಲಿ ಹತ್ತು ಮಕ್ಕಳು ನಪಾಸಾದರೂ ಗುಂಪಿನಲ್ಲಿ ಕರಗಿ ಹೋಗುತ್ತಾರೆ. ನಮ್ಮಲ್ಲಿ ಹತ್ತನೇತ್ತೆಯಲ್ಲಿ ಇದ್ದದ್ದೇ ಹತ್ತೊಂಬತ್ತು ಮಕ್ಕಳು. ಒಬ್ಬಳು ಜಾರಿದರೆ ಇಡೀ ಸಾಲಿಯ ಕಾಲು ಉಳುಕುತ್ತದೆ. ಹಿಂದಿನ ವರ್ಷ ಮೂವರು ಜಾರಿದ್ದರು.

"ಯಾಕ್ರಿ ಹಿಂಗ?" ಅಂದರು ಸಾಹೇಬರು. ಬೈಯಲಿಲ್ಲ, ಖರೇ ತಿಳಿದುಕೊಳ್ಳಬೇಕು ಅನ್ನುವ ಹಾಗೇ ಕೇಳಿದರು. "ಹಿಂದ ಬೀಳೋ ಮಕ್ಕಳು ಯಾರು? ಎಲ್ಲಿಂದ ಬರ್ತಾರ? ಮನ್ಯಾಗ ಏನು ಮಾಡ್ತಾರ? ಯಾರಾದರೂ ಕುಂತು ಒಂದು ಪಟ್ಟಿ ಮಾಡೀರೇನು?"

ಹೆಡ್ಮಾಸ್ತರು ಗಣಿತದ ಮಾಸ್ತರ ಕಡೆ ನೋಡಿದರು. ಗಣಿತದ ಮಾಸ್ತರು ಕಿಟಕಿಯ ಕಡೆ ನೋಡಿದರು. ನಾನು, "ನಾನು ಮಾಡ್ತೇನ್ರಿ ಸರ್" ಅಂದುಬಿಟ್ಟೆ.

ಅಂದಾಗ ನನಗೆ ಎಷ್ಟು ಹಿಗ್ಗಾಗಿತ್ತು ಅನ್ನುವುದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಇಲ್ಲಿ ನಮ್ಮ ಸಾಲಿಯ ಒಂದು ರೂಢಿ ಹೇಳಬೇಕು. ಅದು ಯಾವ ಸುತ್ತೋಲೆಯಲ್ಲೂ ಇಲ್ಲ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಆ ದಿನ ಮಾರಾಟವಾದ ಚೀಲಗಳು ಮರುದಿನ ಶೆಡ್ಡುಗಳಿಗೆ ಬರುತ್ತವೆ. ಅಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಹಾಗಾಗಿ ಮಂಗಳವಾರ, ಶುಕ್ರವಾರ ಶೆಡ್ಡಿಗೆ ಎಷ್ಟು ಕೈ ಇದ್ದರೂ ಸಾಲದು. ಆ ಎರಡು ದಿನ ನಮ್ಮ ತರಗತಿಯಲ್ಲಿ ಹೆಣ್ಣುಮಕ್ಕಳ ಕಡೆಯ ಬೆಂಚುಗಳು ಖಾಲಿ. ತಾಯಂದಿರ ಜೊತೆ ಅವರೂ ಹೋಗಿರುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಮೊದಲ ಸೀಜನ್ನಿನಲ್ಲಿ, ಆಗ ನಿವೃತ್ತಿಗೆ ಬಂದಿದ್ದ ಒಬ್ಬ ಹಿರಿಯ ಮಾಸ್ತರು ನನ್ನ ಹಾಜರಿ ಪುಸ್ತಕ ನೋಡಿ ತಲೆ ಅಲ್ಲಾಡಿಸಿದ್ದರು. "ತಂಗೀ, ಮಂಗಳವಾರ ಶುಕ್ರವಾರ ಮಸಿ ಮುಟ್ಟಬ್ಯಾಡ. ಪೆನ್ಸಿಲ್‌ಲೆ ಒಂದು ಚುಕ್ಕಿ ಇಡು. ತಿಂಗಳ ಕೊನಿಗೆ ಚುಕ್ಕಿ ಅಳಿಸಿ ಹಾಜರಿ ಹಾಕು. ಹುಡುಗೀ ಕೈಯಾಗ ಖಾರ, ಮ್ಯಾಲ ನಿನ್ನ ಗೈರು ಬ್ಯಾರೆ ಯಾಕ?" ನೂರಕ್ಕೆ ಎಪ್ಪತ್ತೈದು ದಿನ ಹಾಜರಿ ಇಲ್ಲದಿದ್ದರೆ ಹತ್ತನೇತ್ತೆ ಪರೀಕ್ಷೆಗೆ ಕೂರಿಸುವಂತಿಲ್ಲ. ಅದಕ್ಕೇ ಈ ರೂಢಿ. ನಾವೆಲ್ಲ ಅದಕ್ಕೆ ಪೆನ್ಸಿಲ್ ಹಾಜರಿ ಅನ್ನುತ್ತಿದ್ದೆವು. ತಪ್ಪು ಅಂತ ಗೊತ್ತಿತ್ತು. ಆದರೂ ಹತ್ತು ಸೀಜನ್ನು ನಾನು ಚುಕ್ಕಿ ಇಟ್ಟೆ, ಅಳಿಸಿದೆ.

ಆ ವರ್ಷ ಮಾತ್ರ, ಪಟ್ಟಿ ಮಾಡುತ್ತೇನೆ ಅಂದ ಮೇಲೆ, ಪೆನ್ಸಿಲ್ ಕೆಳಗಿಟ್ಟೆ. ಚುಕ್ಕಿ ಅಳಿಸುತ್ತ ಕೂತರೆ ಸಾಹೇಬರಿಗೆ ಏನು ಕಾಣುತ್ತದೆ? ಮಕ್ಕಳು ದಿನಾ ಬರುತ್ತಾರೆ, ಆದರೂ ದಡ್ಡರು ಅಂತ ಕಾಣುತ್ತದೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು, ಸೀಜನ್ನಿನಲ್ಲಿ ಸಾಲಿಯನ್ನು ಬೆಳಗಿನ ಏಳಕ್ಕೆ ಹಚ್ಚಿ ಹನ್ನೊಂದಕ್ಕೆ ಬಿಡುವ ಹಾಗೆ ಅಪ್ಪಣೆ ತರಿಸಬೇಕು, ಆಮೇಲೆ ಮಕ್ಕಳು ಶೆಡ್ಡಿಗೆ ಹೋದರೂ ಪಾಠ ತಪ್ಪುವುದಿಲ್ಲ. ಇದು ನನ್ನ ಲೆಕ್ಕ. ಹಾಗಾಗಿ ಡಿಸೆಂಬರದಿಂದ ಗೈರಾದವರಿಗೆ ಗೈರು ಅಂತಲೇ, ನೀಲಿ ಮಸಿಯಿಂದ ಬರೆದೆ. ತಿಂಗಳ ಕೊನೆಗೆ ಸಹಿ ಹಾಕುವಾಗ ಹೆಡ್ಮಾಸ್ತರ ಪೆನ್ನು ಆ ಸಾಲುಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು. ನನ್ನ ಮುಖ ನೋಡಿದರು. ಸಹಿ ಹಾಕಿದರು.

ಪಟ್ಟಿಗೆ ಬೇಕಾದದ್ದನ್ನು ಮಕ್ಕಳನ್ನೇ ಕೇಳಿದೆ. ಅಪ್ಪ ಏನು ಮಾಡುತ್ತಾನೆ, ಅವ್ವ ಏನು ಮಾಡುತ್ತಾಳೆ, ಮನೆಯಲ್ಲಿ ಯಾವ ಮಾತು ಆಡುತ್ತೀರಿ, ಸಾಲಿಗೆ ಹೆಂಗೆ ಬರುತ್ತೀರಿ. ಹತ್ತೊಂಬತ್ತರಲ್ಲಿ ಕೆಲವರು ಅಂಗಡಿಕಾರರ ಮಕ್ಕಳು, ಕೆಲವರು ಸುತ್ತಲಿನ ಹಳ್ಳಿಯ ಹೊಲಮನೆಯವರು, ಉಳಿದವರು ಹಮಾಲರ ಮತ್ತು ತೊಟ್ಟು ಬಿಡಿಸುವವರ ಮಕ್ಕಳು. ಮನೆಯಲ್ಲಿ ಕನ್ನಡ ಆಡುವವರ ಜೊತೆ ಉರ್ದು, ತೆಲುಗು, ಲಂಬಾಣಿ ಆಡುವವರೂ ಇದ್ದರು. ಒಬ್ಬ ಹುಡುಗ, "ನಮ್ಮಪ್ಪ ಏನೂ ಮಾಡಂಗಿಲ್ರಿ, ಅವ್ವ ಮಾಡಿದ್ದಕ್ಕ ಬೈತಾನ್ರಿ" ಅಂದ. ಇಡೀ ತರಗತಿ ನಕ್ಕಿತು. ನಾನು "ಕೂಲಿ" ಅಂತ ಬರೆದುಕೊಂಡೆ.

ದೇವರಗುಡ್ಡದಲ್ಲಿದ್ದ ನನ್ನ ಅಜ್ಜಿ ಮಕ್ಕಳನ್ನು ಎಣಿಸಲು ಬಿಡುತ್ತಿರಲಿಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಯಾರಾದರೂ ಬೆರಳು ಮಾಡಿ ಎಣಿಸಿದರೆ, "ದೃಷ್ಟಿ ಆಗತೈತಿ, ತಾಟ ಎಣಸ್ರಿ, ಕೂಸುಗೋಳ್ನ ಎಣಸಬ್ಯಾಡ್ರಿ" ಅಂತ ಗದರುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಸ್ಕೇಲು ಹಿಡಿದು ಗೆರೆ ಹಾಕುವಾಗ ಆ ಮಾತು ನೆನಪಾಯಿತು. ನಕ್ಕು ಗೆರೆ ಮುಂದುವರಿಸಿದೆ.

ಒಂದು ಶುಕ್ರವಾರ ಶೆಡ್ಡಿಗೇ ಹೋದೆ. ತಗಡಿನ ಚಾವಣಿ, ನೆಲದ ತುಂಬ ಕೆಂಪು ರಾಶಿ, ಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರು. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಒಬ್ಬಾಕೆ, "ಏ, ಸಾಲಿ ಅಕ್ಕೋರು ಬಂದಾರ! ಹುಡುಗ್ಯಾರ್ನ ಚೀಲದ ಹಿಂದ ಮುಚ್ಚಿಡ್ರೆ!" ಅಂತ ಕೂಗಿದಳು. ಒಳಗೆಲ್ಲ ನಗು.

"ಬರ್ರಿ ಅಕ್ಕೋರ, ಕುಂದರ್ರಿ. ಬರೇ ನೋಡಿಕೋಂತ ನಿಂತ್ರ ಹೆಂಗ? ಒಂದು ಬುಟ್ಟಿ ಬಿಡಿಸಿಕೊಡ್ರಿ."

ಕೂತೆ. ಹತ್ತು ಕಾಯಿ ಬಿಡಿಸುವಷ್ಟರಲ್ಲಿ ಕಣ್ಣು ತುರಿಸಿತು, ಅದೇ ಕೈಯಿಂದ ಒರೆಸಿಕೊಂಡೆ. ಅಯ್ಯೋ ಅನ್ನುವುದರೊಳಗೆ ಕಣ್ಣು ಬೆಂಕಿಯಾಗಿತ್ತು. ಯಾರೋ ತಂಬಿಗೆಯಿಂದ ನೀರು ಸುರಿದರು. ಮೊದಲು ಕೂಗಿದಾಕೆಯೇ ಮತ್ತೆ, "ಹತ್ತನೇತ್ತೆಗೆ ಪಾಠ ಹೇಳ್ತಾರ, ಕಣ್ಣ ಒರಸ್ಕೊಳ್ಳಾಕ ಬರಂಗಿಲ್ಲ ನೋಡ್ರೆ" ಅಂದಳು.

ನೀರು ಸುರಿದಾಕೆ ನನ್ನ ತರಗತಿಯ ಹುಡುಗಿ. ನಾನು ಹೇಳಹೊರಟದ್ದು ಅವಳ ವಿಷಯವೇ.

ಅವರ ಊರು ರಾಣೆಬೆನ್ನೂರಿನ ಆಚೆ ಒಂದು ಹಳ್ಳಿ. ಮಳೆಗಾಲದಲ್ಲಿ ತಾಯಿ ಮಗಳು ಅಲ್ಲಿ ಬೀಜದ ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸುವ ನಾಜೂಕಿನ ಕೆಲಸ, ಅದಕ್ಕೆ ಸಣ್ಣ ಬೆರಳುಗಳೇ ಬೇಕಂತೆ. ಅದು ಮುಗಿದ ಮೇಲೆ ಬ್ಯಾಡಗಿಗೆ ಬಂದು ಸೀಜನ್ ಮುಗಿಯುವತನಕ ಇರುತ್ತಿದ್ದರು. ಮಳೆಗಾಲದಲ್ಲಿ ಅವಳು ಒಂದು ತಿಂಗಳಿಗೂ ಮೇಲೆ ತಪ್ಪಿಸಿಕೊಂಡಿದ್ದಳು. ಆ ಗೈರಿಗೆ ಪೆನ್ಸಿಲ್ ರೂಢಿ ಇರಲಿಲ್ಲ, ಅದು ಮೊದಲಿಂದಲೂ ಮಸಿಯಲ್ಲೇ ಇತ್ತು.

ಓದಿನಲ್ಲಿ ಹೇಗೆ ಅಂದರೆ, ಕನ್ನಡದಲ್ಲಿ ಚಲೋ, ಸಮಾಜದಲ್ಲಿ ನಡೆಯುತ್ತದೆ, ಗಣಿತದಲ್ಲಿ ಬಹಳ ಹಿಂದೆ. ಆದರೆ ಬಿಡುವಾಕಿ ಅಲ್ಲ. ಅವತ್ತು ಶೆಡ್ಡಿನಲ್ಲಿ ಕೂತು, ಕೈ ತನ್ನ ಪಾಡಿಗೆ ತೊಟ್ಟು ಮುರಿಯುತ್ತಿದ್ದರೆ, ಬಾಯಲ್ಲಿ ತ್ರಿಭುಜದ ಪ್ರಮೇಯ ಒಪ್ಪಿಸುತ್ತಿದ್ದಳು. ಎರಡು ಕಡೆ ತಡವರಿಸಿದಳು. ನಾನು ತಿದ್ದಲಿಲ್ಲ. ನನಗೂ ಸರಿಯಾಗಿ ಬರುತ್ತಿರಲಿಲ್ಲ.

ಅವಳ ತಾಯಿ ಕೇಳಿದಳು: "ಹಿಂಗ ಎಲ್ಲಾ ಬರಕೊಂಡು ಹೋದ್ರ ಏನಾಕ್ಕೇತ್ರಿ ಅಕ್ಕೋರ?"

"ಸಾಲಿ ಟೈಮ್ ಬದಲು ಮಾಡಸ್ತೇನ್ವಾ. ಮುಂಜಾನೆ ಪಾಠ, ಆಮ್ಯಾಲೆ ಕೆಲಸ. ಪಾಠಾನೂ ತಪ್ಪಂಗಿಲ್ಲ, ಇದೂ ತಪ್ಪಂಗಿಲ್ಲ."

"ಖರೇನ?"

"ಖರೇ."

"ನಮ್ಮ ಮನ್ಯಾಗ ಯಾರೂ ಹತ್ತನೇತ್ತೆ ಪರೀಕ್ಷಾಕ್ಕ ಕುಂತಿಲ್ರಿ. ನಾನು ನಾಕನೇತ್ತೆ, ಇವರಪ್ಪ ಅದೂ ಇಲ್ಲ. ಪಾಸೋ ನಪಾಸೋ ಆಮ್ಯಾಲಿನ ಮಾತು. ಒಮ್ಮೆ ಕುಂದರ್ಲಿ."

"ಪಾಸೇ ಆಕ್ಕೇನಿ ತಗೋಬೇ" ಅಂದಳು ಮಗಳು, ತಲೆ ಎತ್ತದೆ. "ಪಾಸಾಗಿ ಹಾವೇರಿ ಕಾಲೇಜಿಗೆ ಹೋಗ್ತೇನಿ."

"ಹೋಗು, ಹೋಗು. ಮೊದಲು ಆ ಬುಟ್ಟಿ ಮುಗಸು."

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಮುಗಿಯಿತು. ಅಂಕಗಳನ್ನೂ ಹಾಕಿ ಪಟ್ಟಿ ಪೂರ್ತಿ ಮಾಡಿದೆ. ದೊಡ್ಡ ಹಾಳೆ. ಎಡಕ್ಕೆ ಹೆಸರು, ಮನೆತನದ ಕೆಲಸ, ಊರು, ಮನೆಮಾತು. ಬಲಕ್ಕೆ ಹಾಜರಿ, ಅಂಕ. ನಪಾಸಾದ ವಿಷಯಗಳನ್ನು ಕೆಂಪು ಮಸಿಯಲ್ಲಿ ಬರೆದೆ. ಬರೆದು ಮುಗಿಸಿ ದೂರ ಹಿಡಿದು ನೋಡಿದರೆ ಕೆಂಪೆಲ್ಲ ಒಂದೇ ಕಡೆ ಕೂತಿತ್ತು. ಅಂಗಡಿಯವರ ಸಾಲಿನಲ್ಲಿ ಒಂದು ಚುಕ್ಕೆ ಇಲ್ಲ. ತೊಟ್ಟು ಬಿಡಿಸುವವರ ಸಾಲಿನಲ್ಲಿ ಕೆಂಪಿಲ್ಲದ ಮನೆ ಇಲ್ಲ. ಇದನ್ನು ನೋಡಿದ ಮೇಲೆ ಯಾರು ತಾನೆ ಸುಮ್ಮನಿದ್ದಾರು ಅಂದುಕೊಂಡೆ.

ಹೆಡ್ಮಾಸ್ತರು ಪಟ್ಟಿಯನ್ನು ಬಹಳ ಹೊತ್ತು ನೋಡಿದರು. "ಚಲೋ ಮಾಡೀರಿ ಮೇಡಮ್ರ" ಅಂದರು. ಆಮೇಲೆ ಹಾಜರಿಯ ಕಾಲಂ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದರು. ಒಂದು ಕಡೆ ಬೆರಳು ನಿಂತಿತು.

"ಇಕೀದು ಕಡಿಮಿ ಬಿದ್ದೇತಲ್ರಿ."

ಶೆಡ್ಡಿಗೆ ಹೋಗುವ ಉಳಿದ ಹೆಣ್ಣುಮಕ್ಕಳು ಬೀಜದ ಹೊಲಕ್ಕೆ ಹೋಗಿರಲಿಲ್ಲ, ಅಂಚಿನಲ್ಲಿ ಪಾರಾಗಿದ್ದರು. ಮಳೆಗಾಲದ ಗೈರು, ಈಗಿನ ಮಂಗಳವಾರ ಶುಕ್ರವಾರದ ಗೈರು ಎರಡೂ ಕೂಡಿ ಅವಳೊಬ್ಬಳನ್ನು ಎಪ್ಪತ್ತೈದರ ಕೆಳಗೆ ಎಳೆದಿದ್ದವು. ಕೂಡಿಸಿದವಳು ನಾನೇ. ಪಟ್ಟಿಯಲ್ಲಿ ಬರೆದವಳೂ ನಾನೇ. ಕೆಂಪು ಮಸಿ ಎಲ್ಲೆಲ್ಲಿ ಬಿದ್ದಿದೆ ಅಂತ ನೋಡುವ ಗಡಿಬಿಡಿಯಲ್ಲಿ ಆ ಮೊತ್ತದ ಅರ್ಥ ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಸರ್, ಅದು ಸೀಜನ್ ಗೈರ್ರಿ. ಪ್ರತಿ ವರ್ಷ..."

"ಪ್ರತಿ ವರ್ಷ ಪೆನ್ಸಿಲ್ ಇತ್ತು ಮೇಡಮ್ರ. ಈ ವರ್ಷ ನೀವು ಮಸೀಲೆ ಬರದೀರಿ. ಮ್ಯಾಲ ನನ್ನ ಸಹಿ ಐತಿ. ಈಗ ತಿದ್ದಿದ್ರ ಇಬ್ಬರ ನೌಕರಿಗೂ ಕುತ್ತು."

ಗಣಿತದ ಮಾಸ್ತರು ಆಗ ಒಳಗೆ ಬಂದರು. ಅವರು ಕೆಟ್ಟವರಲ್ಲ. ಸಂಜೆ ಅರ್ಧ ತಾಸು ಹೆಚ್ಚು ನಿಂತು ಆ ಹುಡುಗಿಗೇ ಲೆಕ್ಕ ಹೇಳಿಕೊಟ್ಟವರು. ಅವರೇ ಮೆಲ್ಲಗೆ ಅಂದರು: "ಕುಂತ್ರೂ ನನ್ನ ವಿಷಯದಾಗ ಪಾಸಾಗೂದು ಕಷ್ಟ ಐತ್ರಿ. ಉಳಿದ ಹದಿನೆಂಟೂ ದಾಟತಾವ, ಅದಕ್ಕ ನಾ ಜವಾಬ್ದಾರಿ."

ಹೊರಗೆ ಎಂಟನೇತ್ತೆಯ ಮಕ್ಕಳು ಪದ್ಯ ಕೂಗುತ್ತಿದ್ದರು.

ಹೆಡ್ಮಾಸ್ತರು ಪಟ್ಟಿ ಮಡಚಿ ಮಾತಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಎರಡು ವರ್ಷ ಆತು ರಿಸಲ್ಟ್ ಬಿದ್ದು. ಹೊಸಾ ಹುಡುಗ್ರು ಬರವಲ್ವು. ಹಿಂಗ ಆದ್ರ ಸಾಲಿ ಮುಚ್ಚತಾರ. ಎಂಟು ಮಂದಿ ಮಾಸ್ತರು ಇದೇವಿ ನಾವು. ಸಾಲಿ ಮುಚ್ಚಿದ್ರ ಇಕೀ ತಂಗ್ಯಾರು ಎಲ್ಲಿ ಕಲೀಬೇಕು ಹೇಳ್ರಿ? ಹಾಜರಿ ಕೊರತಿ ಅಂತ ಬರದು ಕಳಸೋಣು. ಮುಂದಿನ ವರ್ಷ ಬಾಹ್ಯ ವಿದ್ಯಾರ್ಥಿ ಅಂತ ಕಟ್ಟಲಿ. ನಾನಽ ಕಟ್ಟಸ್ತೇನಿ."

ವೈದ್ಯರ ಪ್ರಮಾಣಪತ್ರ ತರಿಸೋಣ ಅಂದೆ. ಸಾಹೇಬರಿಗೆ ಕೇಳೋಣ ಅಂದೆ. ಬೀಜದ ಹೊಲದ ಗೈರಿಗೆ ಜ್ವರ ಅಂತ ಬರೆಯೋಣ ಅಂದೆ. ಒಂದೊಂದಕ್ಕೂ ಅವರು ತಲೆ ಅಲ್ಲಾಡಿಸಿದರು. ಕೊರತೆಯ ಪತ್ರಕ್ಕೆ ಕ್ಲಾಸ್ ಟೀಚರ್ ಸಹಿ ಬೇಕು. ಮೂರನೆಯ ದಿನ ಸಹಿ ಹಾಕಿದೆ.

ಯಾಕೆ ಹಾಕಿದೆ ಅಂತ ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸಾಲಿ ಉಳಿಯಲಿ ಅಂತ ಅಂದುಕೊಂಡೆ. ಆದರೆ ಖರೇ ಹೇಳಬೇಕೆಂದರೆ ಆ ಎಂಟು ಮಂದಿಯಲ್ಲಿ ನಾನೂ ಒಬ್ಬಳಿದ್ದೆ. ಅಷ್ಟೇ.

ಅವಳಿಗೆ ಹೇಳುವ ಕೆಲಸವೂ ನನಗೇ ಬಂತು. ಬುಧವಾರ ಮಧ್ಯಾಹ್ನ, ಬಿಸಿಯೂಟ ಆದ ಮೇಲೆ ನಳದ ಹತ್ತಿರ ತಾಟು ತೊಳೆಯುತ್ತಿದ್ದಳು. ಹಿಂದಿನ ದಿನದ ಖಾರ ಕೈಯಿಂದ ಹೋಗಿರಲಿಲ್ಲ, ಬೆರಳ ತುದಿಗಳು ಕೆಂಪಗಿದ್ದವು. ಪಕ್ಕಕ್ಕೆ ಕರೆದು ಹೇಳಿದೆ. ಸುತ್ತುಬಳಸಿ ಹೇಳಿದೆ. ನಿಯಮ ಅಂದೆ, ಎಪ್ಪತ್ತೈದು ಅಂದೆ, ಮುಂದಿನ ವರ್ಷ ಅಂದೆ. ಅವಳು ತಾಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು.

"ಅಂದ್ರ ನನ್ನ ಹಾಲ್ ಟಿಕೆಟ್ ಬರಂಗಿಲ್ಲೇನ್ರಿ?"

"ಈ ವರ್ಸ ಬರಂಗಿಲ್ಲವಾ."

ತಾಟಿನ ನೀರು ಕೊಡವಿದಳು. ಆಮೇಲೆ, "ಅಕ್ಕೋರ, ಹಿಂದಿನ ವರ್ಸದ ಅಕ್ಕಗೋಳಿಗೆಲ್ಲಾ ಪೆನ್ಸಿಲ್‌ಲೆ ಹಾಕ್ತಿದ್ರಂತಲ್ರಿ?" ಅಂದಳು.

ಮಕ್ಕಳಿಗೆ ಗೊತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಶೆಡ್ಡಿನ ಹೆಂಗಸರಿಗೆಲ್ಲ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ಅವರು ಮಂಗಳವಾರ, ಶುಕ್ರವಾರ ಮಕ್ಕಳನ್ನು ಕರೆದೊಯ್ಯುತ್ತಿದ್ದರು.

"ಹೌದು" ಅಂದೆ.

"ಈ ವರ್ಸ ಯಾಕ ಹಾಕಲಿಲ್ರಿ?"

ಬೆಳಗಿನ ಸಾಲಿ, ಪಟ್ಟಿ, ಅಪ್ಪಣೆ, ಎಲ್ಲ ಬಾಯಿತನಕ ಬಂತು. ನಾಲ್ಕು ಮಾತು ಹೇಳಿದೆನೋ ಏನೋ. ಕೇಳುವಷ್ಟು ಹೊತ್ತು ಕೇಳಿ, "ಹೂಂನ್ರಿ" ಅಂದಳು. ತಾಟು ಒಳಗಿಟ್ಟು ಬಂದು ತರಗತಿಯಲ್ಲಿ ಕೂತಳು. ಅವತ್ತು ಸಂಜೆಯತನಕ ಕೂತಿದ್ದಳು. ಗುರುವಾರದಿಂದ ಬರಲಿಲ್ಲ.

ಅವಳ ತಾಯಿ ಜಗಳಕ್ಕೆ ಬಂದಾಳು ಅಂತ ವಾರಗಟ್ಟಲೆ ಬಾಗಿಲು ನೋಡಿದೆ. ಬಂದು ನಾಲ್ಕು ಮಾತು ಬೈದಿದ್ದರೆ ಚಲೋ ಇತ್ತು. ಬರಲಿಲ್ಲ. ಒಂದು ದಿನ ಸ್ಟೇಶನ್ ರಸ್ತೆಯಲ್ಲಿ ಎದುರಾದಳು. ನಾನು ರಾಣೆಬೆನ್ನೂರಿನಿಂದ ದಿನಾ ಪ್ಯಾಸೆಂಜರ್ ಗಾಡಿಗೆ ಓಡಾಡುವಾಕಿ, ಇಳಿದು ಬರುತ್ತಿದ್ದೆ. "ಆರಾಮ ಇದೀರೇನ್ರಿ ಅಕ್ಕೋರ" ಅಂದಳು. ಯಾವಾಗಲೂ ಕೇಳುವ ಹಾಗೇ ಕೇಳಿದಳು. ನಾನು ಆರಾಮ ಅಂದೆ. ಇಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು.

ಪರೀಕ್ಷೆ ಆಯಿತು. ಹದಿನೆಂಟಕ್ಕೆ ಹದಿನೆಂಟೂ ದಾಟಿದವು. ಸಾಲಿಯ ಗೇಟಿಗೆ ಬ್ಯಾನರ್ ಕಟ್ಟಿದರು, ನೂರಕ್ಕೆ ನೂರು ಅಂತ ದೊಡ್ಡ ಅಕ್ಷರ. ನಮ್ಮ ಎಂಟೂ ಮಂದಿಯ ಫೋಟೋ ಅದರಲ್ಲಿತ್ತು. ಹಾವೇರಿಯಲ್ಲಿ ಸಣ್ಣ ಸಮಾರಂಭ ಮಾಡಿ ಶಾಲು ಹೊದಿಸಿದರು. ಪಟ್ಟಿ ಕೇಳಿದ ಸಾಹೇಬರು ಅಷ್ಟರಲ್ಲಿ ಬೇರೆ ಕಡೆ ವರ್ಗವಾಗಿದ್ದರು, ಆ ಪಟ್ಟಿಯನ್ನು ಮತ್ತೆ ಯಾರೂ ಕೇಳಲಿಲ್ಲ. ಹೊಸಬರು ನನ್ನ ಕೈ ಹಿಡಿದು, "ಇಂಥಾ ಮಕ್ಕಳನ್ನ ಇಟಗೊಂಡು ಇಂಥಾ ರಿಸಲ್ಟ್! ಹೆಂಗ ಸಾಧಿಸಿದ್ರಿ ಮೇಡಮ್?" ಅಂತ ಕೇಳಿದರು. ಹೆಡ್ಮಾಸ್ತರು ನೆಲ ನೋಡಿದರು. ನಾನು ಶಾಲು ಸರಿ ಮಾಡಿಕೊಂಡೆ.

ಬೇಸಿಗೆ ರಜೆಯಲ್ಲಿ ಬಾಹ್ಯ ವಿದ್ಯಾರ್ಥಿಯ ಅರ್ಜಿ ತಗೊಂಡು ಶೆಡ್ಡಿಗೆ ಹೋದೆ. ಸೀಜನ್ ಇಳಿದಿತ್ತು, ನಾಲ್ಕಾರು ಹೆಂಗಸರಷ್ಟೇ ಇದ್ದರು. ನನ್ನನ್ನು ಕಂಡು ಯಾರೂ ಚೇಷ್ಟೆ ಮಾಡಲಿಲ್ಲ. ಅವಳು ಈಗ ತೊಟ್ಟು ಬಿಡಿಸುವ ಸಾಲಿನಲ್ಲಿ ಇರಲಿಲ್ಲ, ಬಣ್ಣ ನೋಡಿ ಕಾಯಿ ಆರಿಸುವವರ ಜೊತೆ ನಿಂತಿದ್ದಳು. ಅವಳ ಕಣ್ಣು ಚುರುಕಂತೆ, ಅದಕ್ಕೆ ಅಲ್ಲಿ ಹಾಕಿದ್ದರಂತೆ. ಗಣಿತ ಮಾಸ್ತರು ಮನೆಯಲ್ಲೇ ಹೇಳಿಕೊಡುತ್ತಾರೆ, ಅರ್ಜಿ ನಾನೇ ತುಂಬುತ್ತೇನೆ, ಸಹಿ ಹಾಕಿದರೆ ಸಾಕು ಅಂದೆ.

"ನೋಡೋಣ್ರಿ ಅಕ್ಕೋರ" ಅಂದಳು.

ನಮ್ಮ ಕಡೆ ಹಾಗಂದರೆ ಇಲ್ಲ ಅಂತಲೇ ಅರ್ಥ. ಅರ್ಜಿಯನ್ನು ಚೀಲದ ಮೇಲೆ ಇಟ್ಟು ಬಂದೆ.

ಜೂನ್ ತಿಂಗಳು ಸಾಲಿ ಸುರುವಾದ ಎರಡನೆಯ ವಾರ, ಪ್ರಾರ್ಥನೆ ಮುಗಿದು ಒಳಗೆ ಬರುವಷ್ಟರಲ್ಲಿ ಅವಳು ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಜೊತೆಗೆ ತಂಗಿ. ತಂಗಿ ನಮ್ಮಲ್ಲೇ ಎಂಟನೇತ್ತೆ ಮುಗಿಸಿ ಒಂಬತ್ತಕ್ಕೆ ಬಂದಿದ್ದಳು. ಆ ಮಗುವಿನ ವರ್ಗಾವಣೆ ಪತ್ರ ಬೇಕು ಅಂದಳು. ರಾಣೆಬೆನ್ನೂರಿನ ಸಾಲಿಗೆ ಹಾಕುತ್ತಾರಂತೆ, ಅಲ್ಲಿ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದೆಯಂತೆ.

ಹೆಡ್ಮಾಸ್ತರು ಎದ್ದು ಬಂದರು. "ಕುಂದರವಾ, ಕುಂದರು. ಯಾಕ ಒಯ್ತೀರಿ? ಇಲ್ಲೇ ಇರಲಿ. ನಾವು ನೋಡ್ಕೋತೇವಿ" ಅಂದರು. ಆ ವರ್ಷ ಒಂಬತ್ತನೇತ್ತೆಯಲ್ಲಿ ಹದಿನಾಲ್ಕೇ ಮಕ್ಕಳಿದ್ದರು.

"ಬ್ಯಾಡ್ರಿ ಸರ್. ಕೊಡ್ರಿ" ಅಂದಳು. ಕೂರಲಿಲ್ಲ.

ನಾನು ವರ್ಗಾವಣೆ ಪತ್ರ ಬರೆದೆ. ಹೆಡ್ಮಾಸ್ತರು ಸಹಿ ಹಾಕಿ ಶಿಕ್ಕಾ ಒತ್ತಿದರು. ಅವಳು ಅದನ್ನು ತಗೊಂಡು ಬಾಗಿಲಿನ ಬೆಳಕಿಗೆ ಹಿಡಿದು, ಮೇಲಿಂದ ಕೆಳಗಿನತನಕ ಒಂದೊಂದೇ ಸಾಲು ಓದಿದಳು. ತಂಗಿಯ ಹುಟ್ಟಿದ ದಿನ ಸರಿಯಾಗಿದೆಯಾ ಅಂತ ಎರಡು ಸಲ ನೋಡಿದಳು. ಆಮೇಲೆ ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು, ನಮಗೆ ಇಬ್ಬರಿಗೂ "ಬರ್ತೇವ್ರಿ" ಅಂತ ಹೇಳಿ, ತಂಗಿಯನ್ನು ಕರೆದುಕೊಂಡು ಸ್ಟೇಶನ್ನಿನ ಕಡೆ ಹೋದಳು.